ದೆವ್ವಕ್ಕೊಂದು ಕೆಲಸ ಕೊಡಿ

ದೆವ್ವಗಳಷ್ಟು ಶಿಸ್ತಿನ ಪ್ರಜೆಗಳು ಬದುಕಿರುವವರಲ್ಲಿ ಸಿಗುವುದು ಕಷ್ಟ. ಗೋಡೆ ತೂರಿ ಬರುವ ಶಕ್ತಿಯಿದ್ದರೂ ಬಾಗಿಲು ತಟ್ಟಿಯೇ ಬರುತ್ತವೆ. ಪರಿಚಯದ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತವೆ. ಒಳಗಿನಿಂದ ಉತ್ತರ ಬರದಿದ್ದರೆ ಜಗಳ ತೆಗೆಯದೆ ಪಕ್ಕದ ಮನೆಗೆ ಹೋಗುತ್ತವೆ. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಬಾಗಿಲ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಊರು ತಿರುಗುವ ಹೆಣ್ಣುದೆವ್ವವೊಂದು ಬಂದು, ಅದನ್ನು ಓದಿ, ಸರಿ, ನಾಳೆಯೇ ಬರೋಣ ಎಂದು ಹಿಂದಿರುಗುತ್ತಿತ್ತಂತೆ. ಮರುದಿನ ಬಂದರೂ ಅದೇ ಬರಹ. ಒಂದು ರಾತ್ರಿಯಾದರೂ ಅದು "ನಿನ್ನೇನೂ ಇದನ್ನೇ ಹೇಳಿದ್ರಲ್ಲ ಸ್ವಾಮಿ" ಎಂದು ರೇಗಿದ ವರದಿಯಿಲ್ಲ. ಖಾತೆ ಬದಲಾವಣೆಗೆಂದು ಕಚೇರಿ ಅಲೆದವರಿಗೆ ಈ ತಾಳ್ಮೆಯ ಬೆಲೆ ಗೊತ್ತು. ಇನ್ನೊಂದು ವಿಷಯ, ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಬದುಕಿದವರಿಗೂ ದಕ್ಕದ ವಿದ್ಯೆ ಸತ್ತವಳಿಗೆ ದಕ್ಕಿತ್ತು. ರಾಜ್ಯೋತ್ಸವದ ಭಾಷಣಗಳಲ್ಲಿ ಯಾರೂ ಇದನ್ನು ಪ್ರಸ್ತಾಪಿಸದಿರುವುದು ಅನ್ಯಾಯ.

ಗ್ರೀಸಿನ ದ್ವೀಪಗಳಲ್ಲಿ ಇಂಥದೇ ಸಂಭಾವಿತ ದೆವ್ವವೊಂದಿದೆ, ವ್ರಿಕೋಲಕಾಸ್ ಎಂದು. ಸತ್ತವನು ಮಣ್ಣಿನಲ್ಲಿ ಕರಗದೆ, ಇದ್ದ ಮೈಯಲ್ಲೇ ಎದ್ದು ಬಂದರೆ ಆ ಹೆಸರು. ಅದು ಬಾಗಿಲನ್ನು ಒಂದೇ ಸಲ ತಟ್ಟುತ್ತದೆ. ಎರಡನೆಯ ಸಲ ತಟ್ಟುವ ಅಭ್ಯಾಸ ಇಲ್ಲ. ಆದ್ದರಿಂದ ಮೊದಲ ಕರೆಗೆ ಓಗೊಡದೆ ಸುಮ್ಮನೆ ಕೂರುವುದು ಅಲ್ಲಿಯ ಹಳಬರ ಪದ್ಧತಿ. ಎರಡನೆಯ ಸಲ ತಟ್ಟಿದರೆ ಬಂದವನು ಮನುಷ್ಯನೇ, ಬಹುಶಃ ಸಾಲ ವಾಪಸು ಕೇಳಲು ಬಂದವನು. ಯಾವುದಕ್ಕೆ ಬಾಗಿಲು ತೆರೆಯುವುದು ಹೆಚ್ಚು ಅಪಾಯ ಎಂಬುದನ್ನು ಆ ಪದ್ಧತಿ ಹೇಳುವುದಿಲ್ಲ.

ವ್ರಿಕೋಲಕಾಸಿಗೆ ಉಪ್ಪುನೀರು ದಾಟಲು ಬರುವುದಿಲ್ಲ ಎಂಬ ನಂಬಿಕೆಯೂ ಇತ್ತು. ಹಾಗಾಗಿ ಅನುಮಾನದ ಹೆಣಗಳನ್ನು ದೋಣಿಗೆ ಹಾಕಿ ಬೇರೆ ದ್ವೀಪಕ್ಕೆ ಸಾಗಿಸುತ್ತಿದ್ದರು. ಈಗ ಮಧುಚಂದ್ರದ ಜೋಡಿಗಳು ನೀಲಿ ಗುಮ್ಮಟದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಸ್ಯಾಂಟೊರಿನಿ ಒಂದು ಕಾಲದಲ್ಲಿ ಪ್ರಸಿದ್ಧವಾಗಿದ್ದದ್ದು ಪಿಶಾಚಿಗಳಿಗೆ. ಜ್ವಾಲಾಮುಖಿಯ ಒಣ ಮಣ್ಣಿನಲ್ಲಿ ಹೆಣ ಬೇಗ ಕೊಳೆಯುವುದಿಲ್ಲ, ಅಗೆದಾಗಲೆಲ್ಲ ಯಾರೋ ಒಬ್ಬರು ಇದ್ದಂತೆಯೇ ಸಿಗುತ್ತಿದ್ದರು. 'ಸ್ಯಾಂಟೊರಿನಿಗೆ ವ್ರಿಕೋಲಕಾಸ್ ಸಾಗಿಸಿದ ಹಾಗೆ' ಎಂದು ಗ್ರೀಕರಲ್ಲಿ ಗಾದೆಯೇ ಇದೆ.

ಈ ವಿಷಯದಲ್ಲಿ ನನಗೆ ಬಲು ಪ್ರಿಯವಾದ ಕತೆ ಸ್ಯಾಂಟೊರಿನಿಯದಲ್ಲ, ಅದಕ್ಕೆ ಉತ್ತರದಲ್ಲಿರುವ ಮಿಕೊನೋಸ್ ದ್ವೀಪದ್ದು. ಹೇಳಿದವನು ಜೋಸೆಫ್ ಪಿಟ್ಟೊನ್ ದ ತುರ್ನಫೋರ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ. ಹದಿನಾಲ್ಕನೆಯ ಲೂಯಿ ಅವನನ್ನು ಕಳಿಸಿದ್ದು ಗಿಡಮೂಲಿಕೆ ಹುಡುಕಲು. 1700ರ ಕೊನೆಗೆ ಅವನು ಮಿಕೊನೋಸ್ ತಲುಪಿದಾಗ ಅಲ್ಲಿಯ ಜನ ಬೇರೆಯದೇ ಗಡಿಬಿಡಿಯಲ್ಲಿದ್ದರು. ಸದಾ ಸಿಡುಕುತ್ತಿದ್ದ, ಕಂಡವರೊಂದಿಗೆ ಜಗಳಕ್ಕೆ ಬೀಳುತ್ತಿದ್ದ ಒಬ್ಬ ರೈತ ಹೊಲದಲ್ಲಿ ಸತ್ತು ಬಿದ್ದಿದ್ದ. ಕೊಂದವರು ಯಾರೋ ತಿಳಿಯದು. ಹೂತು ಎರಡು ದಿನಕ್ಕೆ ಸುದ್ದಿ ಹಬ್ಬಿತು: ಅವನು ರಾತ್ರಿ ಊರಲ್ಲಿ ದಾಪುಗಾಲು ಹಾಕಿ ಓಡಾಡುತ್ತಾನೆ, ಮನೆಗಳಿಗೆ ನುಗ್ಗಿ ಸಾಮಾನು ಉರುಳಿಸುತ್ತಾನೆ, ದೀಪ ಆರಿಸುತ್ತಾನೆ, ಹಿಂದಿನಿಂದ ಬಂದು ಜನರನ್ನು ತಬ್ಬಿಕೊಳ್ಳುತ್ತಾನೆ. ಬದುಕಿದ್ದಾಗ ಯಾರನ್ನೂ ತಬ್ಬಿಕೊಂಡವನಲ್ಲ ಎಂಬುದೂ ಜನ ಹೆದರಲು ಒಂದು ಕಾರಣವಾಗಿರಬಹುದು.

ಹತ್ತನೆಯ ದಿನ ಪೂಜೆ ಮಾಡಿಸಿ ಹೆಣ ಹೊರತೆಗೆದರು. ಎದೆ ಸೀಳಿ ಗುಂಡಿಗೆ ತೆಗೆಯಲು ಊರಿನ ಕಟುಕನನ್ನು ಕರೆಸಿದರು. ವಯಸ್ಸಾದವನು, ಕೈ ಅಷ್ಟು ಚುರುಕಲ್ಲ. ಎದೆಯ ಬದಲು ಹೊಟ್ಟೆ ಸೀಳಿ ಕರುಳಿನಲ್ಲಿ ಕೈಯಾಡಿಸುತ್ತ ಗುಂಡಿಗೆ ಹುಡುಕಿದ. ಅದು ಇನ್ನೂ ಮೇಲಿದೆ ಎಂದು ಕೊನೆಗೆ ಯಾರೋ ಹೇಳಿಕೊಡಬೇಕಾಯಿತು. ನಾತ ತಡೆಯಲಾರದೆ ಧೂಪ ಹಾಕಿದರು. ಹೊಗೆ ಎದ್ದಿತು, ನೋಡುತ್ತಿದ್ದವರು ಹೊಗೆ ಹೆಣದೊಳಗಿಂದಲೇ ಬರುತ್ತಿದೆ ಎಂದು ಕೂಗಿದರು. ಕಟುಕ ತನ್ನ ಪಾಲಿಗೆ, ಒಳಗೆ ಇನ್ನೂ ಬಿಸಿಯಿತ್ತು ಎಂದು ಆಣೆ ಹಾಕಿದ. ಪಕ್ಕದಲ್ಲೇ ನಿಂತಿದ್ದ ತುರ್ನಫೋರ್, ಕೊಳೆಯುವುದು ಎಂದರೆ ಇದೇ ಎಂದು ವಿವರಿಸಲು ಹೋದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಂಡಿಗೆಯನ್ನು ಕಡಲ ದಂಡೆಯಲ್ಲಿ ಸುಟ್ಟರು.

ದೆವ್ವ ಸುಧಾರಿಸಲಿಲ್ಲ. ಈಗ ಅದು ಜನರನ್ನು ಹೊಡೆಯತೊಡಗಿತು, ಬಾಗಿಲು ಮುರಿಯಿತು, ಎಲ್ಲರ ಮನೆಯ ದ್ರಾಕ್ಷಾರಸದ ಹೂಜಿಗಳನ್ನು ಖಾಲಿ ಮಾಡಿತು. ತಾವು ಇಳಿದುಕೊಂಡಿದ್ದ ಕಾನ್ಸಲ್‌ನ ಮನೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಅದರ ಸವಾರಿ ನಡೆಯಿತು ಎಂದು ತುರ್ನಫೋರ್ ಬರೆಯುತ್ತಾನೆ. ಜನ ಹಾಸಿಗೆ ಹೊತ್ತುಕೊಂಡು ಊರ ಬಯಲಿಗೆ ಬಂದು ಮಲಗಿದರು, ಕೆಲವರು ಊರನ್ನೇ ಬಿಟ್ಟರು. ಹಿರಿಯರು ಸಭೆ ಸೇರಿ ಲೋಪ ಎಲ್ಲಾಯಿತೆಂದು ಚರ್ಚಿಸಿದರು. ಪೂಜೆಯನ್ನು ಗುಂಡಿಗೆ ತೆಗೆಯುವ ಮುಂಚೆ ಮಾಡಿದ್ದೇ ತಪ್ಪು, ತೆಗೆದ ಮೇಲೆ ಮಾಡಬೇಕಿತ್ತು ಎಂದು ತೀರ್ಮಾನವಾಯಿತು. ಮೆರವಣಿಗೆ, ಉಪವಾಸ, ಮನೆಮನೆಗೆ ತೀರ್ಥಪ್ರೋಕ್ಷಣೆ ಎಲ್ಲ ನಡೆಯಿತು. ಗೋರಿಯ ಮೇಲೆ ಬರಿಗತ್ತಿಗಳನ್ನು ನೆಟ್ಟರು. ದಿನಕ್ಕೆ ಮೂರು ನಾಲ್ಕು ಸಲ ಹೆಣವನ್ನು ಹೊರತೆಗೆದು ನೋಡುವುದೂ ಸುರುವಾಯಿತು. ಆಗ ಅಲ್ಲಿದ್ದ ಅಲ್ಬೇನಿಯಾದವನೊಬ್ಬ ತಜ್ಞನ ಗತ್ತಿನಲ್ಲಿ ಮುಂದೆ ಬಂದ: ನೀವು ನೆಟ್ಟಿರುವುದು ಕ್ರೈಸ್ತರ ಕತ್ತಿ, ಹಿಡಿಯಲ್ಲಿ ಶಿಲುಬೆಯ ಆಕಾರವಿದೆ, ಅದಕ್ಕೆ ಹೆದರಿ ಒಳಗಿರುವ ಸೈತಾನ ಹೊರಗೆ ಹೋಗಲಾರದೆ ಸಿಕ್ಕಿಬಿದ್ದಿದ್ದಾನೆ, ತುರ್ಕರ ಬಾಗುಗತ್ತಿ ಹಾಕಿ.

ಈ ಸಲಹೆಯನ್ನು ಓದಿದಾಗಲೆಲ್ಲ ನನಗೆ ವಾಸ್ತು ತಿದ್ದಿಸಿಕೊಂಡ ಮನೆಗಳು ನೆನಪಾಗುತ್ತವೆ. ಮೊದಲ ಪಂಡಿತರು ಮುಚ್ಚಿಸಿದ ಕಿಟಕಿಯನ್ನು ಎರಡನೆಯ ಪಂಡಿತರು ಒಡೆಸುತ್ತಾರೆ. ಪರಿಹಾರದಲ್ಲಿ ನಂಬಿಕೆ ಕಳೆದುಕೊಳ್ಳುವವರು ಯಾರೂ ಇಲ್ಲ.

ಬಾಗುಗತ್ತಿಗೂ ಜಗ್ಗದಿದ್ದಾಗ ಹೆಣವನ್ನು ಒಂದು ಪುಟ್ಟ ದ್ವೀಪದ ತುದಿಗೆ ಒಯ್ದು, 1701ರ ಜನವರಿ 1ರಂದು ಸುಟ್ಟು ಬೂದಿ ಮಾಡಿದರು. ಅಲ್ಲಿಗೆ ಕತೆ ಮುಗಿಯಿತು. ಆದರೆ ತುರ್ನಫೋರ್ ನಡುವೆ ಒಂದು ಸಾಲನ್ನು ತೂರಿಸಿದ್ದಾನೆ. ರಾತ್ರಿ ಗಸ್ತು ಹಾಕಿದಾಗ ಈ ಗಲಾಟೆಯಲ್ಲಿ ಕೈಯಿದ್ದ ಕೆಲವು ಪುಂಡರು ಸಿಕ್ಕಿಬಿದ್ದರು, ಅವರನ್ನು ಬೇಗನೆ ಬಿಟ್ಟುಬಿಟ್ಟರು, ಹೊರಬಂದವರು ಸೆರೆಯಲ್ಲಿ ಮಾಡಿದ ಉಪವಾಸಕ್ಕೆ ಪರಿಹಾರವಾಗಿ ಖಾಲಿ ಮನೆಗಳ ಹೂಜಿಗಳನ್ನು ಮತ್ತೆ ಬರಿದು ಮಾಡಿದರು. ದ್ರಾಕ್ಷಾರಸ ಕುಡಿದವರು ಯಾರೆಂದು ತಿಳಿದ ಮೇಲೂ ಸುಡಿಸಿಕೊಂಡವನು ಸತ್ತ ಜಗಳಗಂಟ. ಬದುಕಿದ್ದಾಗ ನಾಲ್ಕು ಜನರೊಡನೆ ಚೆನ್ನಾಗಿರಬೇಕು ಎಂದು ಹಿರಿಯರು ಹೇಳುವುದರಲ್ಲಿ ಇಷ್ಟೊಂದು ದೂರದ ಅರ್ಥವಿದೆಯೆಂದು ನನಗೆ ಗೊತ್ತಿರಲಿಲ್ಲ.

ರಕ್ತ ಕುಡಿಯುವ ದೆವ್ವವೆಂದರೆ ಕಪ್ಪು ನಿಲುವಂಗಿಯ ಜಮೀನ್ದಾರ ಎಂದು ನಮಗೆ ಕಲಿಸಿದ್ದು ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಮತ್ತು ಅದರ ಬೆನ್ನಿಗೆ ಬಂದ ಸಿನಿಮಾಗಳು. (ಆ ಕಾದಂಬರಿಯಲ್ಲಿ ಡ್ರಾಕುಲಾನ ಎದೆಗೆ ಗೂಟ ಬೀಳುವುದೇ ಇಲ್ಲ. ಅವನ ಕತ್ತು ಸೀಳುವುದು ನಮ್ಮ ಗೂರ್ಖಾಗಳ ಕುಕ್ರಿ. ಬಿಸಿಲಿಗೆ ಸಾಯುವ ಕಟ್ಟಳೆಯನ್ನು ಸೇರಿಸಿದ್ದು 1922ರ ಜರ್ಮನ್ ಸಿನಿಮಾ.) ಹಳ್ಳಿಗಾಡಿನ ನಿಜವಾದ ರಕ್ತಪಿಶಾಚಿ ಬಡವ. ಕೋಟೆಯಿಲ್ಲ, ಕುದುರೆಗಾಡಿಯಿಲ್ಲ, ಮೊದಲು ಬರುವುದೂ ತನ್ನ ಮನೆಗೇ. 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೆಟಾರ್ ಬ್ಲಾಗೊಯೆವಿಚ್ ಎಂಬ ರೈತ ತೀರಿಕೊಂಡ. ಆಮೇಲೆ ಎಂಟು ದಿನದೊಳಗೆ ಒಂಬತ್ತು ಜನ ಒಂದೊಂದೇ ದಿನದ ಕಾಯಿಲೆಯಲ್ಲಿ ಸತ್ತರು. ಸಾಯುವ ಮುಂಚೆ, ನಿದ್ದೆಯಲ್ಲಿ ಪೆಟಾರ್ ಬಂದು ಎದೆ ಮೇಲೆ ಕೂತು ಕತ್ತು ಹಿಸುಕಿದ ಎಂದು ಹೇಳಿದರಂತೆ. ಅವನ ಹೆಂಡತಿಗೂ ಅವನು ಕಾಣಿಸಿಕೊಂಡ. ಅವಳ ಕತ್ತಿಗೆ ಕೈ ಹಾಕಲಿಲ್ಲ. ತನ್ನ ಚಪ್ಪಲಿ ಕೇಳಿದ.

ಚಪ್ಪಲಿ! ಪರಲೋಕದಿಂದ ಅಷ್ಟು ದೂರ ಬಂದು ಕೇಳಿದ್ದು ಕಾಲಿನ ಜೋಡು. ಮನೆಯಲ್ಲಿ ಯಾವ ಸಾಮಾನು ಎಲ್ಲಿದೆಯೆಂದು ಬದುಕಿದ್ದಾಗಲೂ ಅವನಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಗಂಡಸರ ಈ ಅಭ್ಯಾಸ ಸಾವಿನಿಂದ ತಪ್ಪುವುದಿಲ್ಲ. ಹೆಂಡತಿ ಊರು ಬಿಟ್ಟು ಬೇರೆ ಹಳ್ಳಿಗೆ ಹೋದಳು. ನಮ್ಮ ಕಡೆ ಕೆಟ್ಟ ಕನಸು ಬಿದ್ದರೆ ತಲೆದಿಂಬಿನ ಕೆಳಗೆ ಚಪ್ಪಲಿ ಇಟ್ಟು ಮಲಗಿಸುವುದು ರೂಢಿ. ಇಲ್ಲಿಯ ದೆವ್ವ ಚಪ್ಪಲಿ ಕಂಡರೆ ಓಡುತ್ತದೆ, ಅಲ್ಲಿಯದು ಚಪ್ಪಲಿಗಾಗಿಯೇ ಬರುತ್ತದೆ. ಪೆಟಾರನೇನಾದರೂ ಮಂಡ್ಯದ ಕಡೆ ಹುಟ್ಟಿದ್ದರೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಹೊಸ ಪಂಚೆ, ಇಷ್ಟದ ಬಾಡು, ಒಂದು ಕಟ್ಟು ಬೀಡಿ, ಅಭ್ಯಾಸವಿದ್ದರೆ ಒಂದು ಸಣ್ಣ ಬಾಟಲಿ, ಇವುಗಳ ಪಕ್ಕದಲ್ಲಿ ಒಂದು ಜೊತೆ ಚಪ್ಪಲಿಯನ್ನೂ ಇಟ್ಟು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತಿದ್ದರು. ಕೇಳಿದ್ದನ್ನು ಕೊಟ್ಟು ಕಳಿಸುವ ಆ ಕ್ರಮದಲ್ಲಿ ಯಾರ ಎದೆಗೂ ಗೂಟ ಬೀಳುವುದಿಲ್ಲ.

ನನ್ನ ಅಜ್ಜಿಯೂ ಇದೇ ಪಕ್ಷದವರು. ಹಬ್ಬದ ರಾತ್ರಿ ನೆಂಟರ ಮನೆಗೆ ಬಾಡಿನ ಸಾರು ಕಳಿಸುವಾಗ ಡಬ್ಬಿಯ ಮುಚ್ಚಳದ ಮೇಲೆ ಒಂದು ಚೂರು ಇದ್ದಿಲು, ಒಂದು ಒಣಮೆಣಸಿನಕಾಯಿ ಇಡುತ್ತಿದ್ದರು.

"ಇದು ಯಾಕಜ್ಜಿ?"

"ದಾರೀಲಿ ಕೇಳ್ತಾರೆ ಮಗಾ."

"ಯಾರು?"

"ಕೇಳೋರು. ನೀನು ತಿರುಗಿ ನೋಡ್ದೆ ಹೋಗು."

ಕೇಳುವವರ ಹೆಸರು ಅಜ್ಜಿ ಹೇಳುತ್ತಿರಲಿಲ್ಲ. ಸಾರಿನ ಡಬ್ಬಿ ಹಿಡಿದು ಹುಣಸೆ ಮರದ ಕೆಳಗೆ ನಡೆಯುವಾಗ ನನಗೆ ಕೇಳುತ್ತಿದ್ದದ್ದು ನನ್ನ ಹೊಟ್ಟೆಯ ಸದ್ದೇ.

ಕಿಸಿಲ್ಯೆವೊದ ಜನಕ್ಕೆ ಎಡೆಯ ಉಪಾಯ ತೋಚಲಿಲ್ಲ. ಆಗ ಆ ಸೀಮೆ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಗೋರಿ ಅಗೆಯಲು ಅನುಮತಿ ಕೊಡಿ, ಇಲ್ಲವಾದರೆ ಊರು ಬಿಡುತ್ತೇವೆ ಎಂದು ಫ್ರೊಂಬಾಲ್ಡ್ ಎಂಬ ಅಧಿಕಾರಿಯ ದುಂಬಾಲು ಬಿದ್ದರು. ಮೇಲಿನವರ ಅಪ್ಪಣೆ ಬರಲಿ ಎಂದು ಅವನು ಹೇಳಿ ನೋಡಿದ, ನಡೆಯಲಿಲ್ಲ. ಪಾದ್ರಿಯನ್ನು ಕರೆದುಕೊಂಡು ಹೋಗಿ ಗೋರಿ ಅಗೆಸಿದ. ಹೆಣ ಹೊಸದರಂತಿದೆ, ಗಡ್ಡ ಬೆಳೆದಿದೆ, ಹಳೆಯ ಉಗುರು ಉದುರಿ ಹೊಸತು ಬಂದಿದೆ, ಬಾಯಲ್ಲಿ ರಕ್ತವಿದೆ ಎಂದು ಬರೆದುಕೊಂಡ. ಜನ ಗೂಟ ಹೊಡೆದು ಸುಟ್ಟರು. ಇದರಲ್ಲಿ ತಪ್ಪೇನಾದರೂ ನಡೆದಿದ್ದರೆ ಅದು ಭಯದಿಂದ ಬುದ್ಧಿಗೆಟ್ಟ ಜನರ ತಪ್ಪು, ನನ್ನದಲ್ಲ ಎಂದು ವರದಿಯ ಕೊನೆಗೆ ಸೇರಿಸುವುದನ್ನು ಆ ಪುಣ್ಯಾತ್ಮ ಮರೆಯಲಿಲ್ಲ. ದೇಶ ಯಾವುದಾದರೇನು, ಕಡತದ ಭಾಷೆ ಒಂದೇ. ಆ ವರದಿ ಅದೇ ವರ್ಷದ ಜುಲೈನಲ್ಲಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು, ಯುರೋಪಿನ ಓದುಬರಹದ ಮಂದಿಗೆ ಪಿಶಾಚಿಯ ಹುಚ್ಚು ಹಿಡಿಯಲು ಅದು ನಾಂದಿ. ಏಳು ವರ್ಷದ ನಂತರ ಮೆದ್ವೆಜ್ಯಾ ಎಂಬ ಇನ್ನೊಂದು ಹಳ್ಳಿಯಿಂದ ಸೈನ್ಯದ ವೈದ್ಯರೇ ಸಹಿ ಹಾಕಿದ ವರದಿ ಬಂದ ಮೇಲೆ ಹುಚ್ಚು ಪೂರ್ತಿ ತಲೆಗೇರಿತು.

ಉಗುರು, ಗಡ್ಡ ಬೆಳೆದದ್ದು ಸುಳ್ಳು, ಕಂಡದ್ದು ನಿಜ. ಸತ್ತ ಮೇಲೆ ಚರ್ಮ ಒಣಗಿ ಹಿಂದೆ ಸರಿಯುತ್ತದೆ, ಒಳಗಿದ್ದ ಕೂದಲು, ಉಗುರಿನ ಬುಡ ಹೊರಗೆ ಕಾಣುತ್ತದೆ. ಹೊಟ್ಟೆಯಲ್ಲಿ ಅನಿಲ ತುಂಬಿ ಬಡಕಲು ಮನುಷ್ಯನೂ ಉಂಡು ಮಲಗಿದವನಂತೆ ಉಬ್ಬುತ್ತಾನೆ. ಆ ಒತ್ತಡಕ್ಕೆ ಒಳಗಿನ ಕೆಂಪು ದ್ರವ ಬಾಯಿಗೆ ಬರುತ್ತದೆ. ಗೂಟ ಹೊಡೆದರೆ ಅನಿಲ ಗಂಟಲಿನಿಂದ ನುಗ್ಗಿ ನರಳಿದ ಸದ್ದಾಗುತ್ತದೆ. ಪಾಲ್ ಬಾರ್ಬರ್ ಎಂಬ ವಿದ್ವಾಂಸ 1988ರಲ್ಲಿ ಇದನ್ನೆಲ್ಲ ಒಂದು ಪುಸ್ತಕವಾಗಿ ಬರೆದ. ಅದಕ್ಕೂ ಬಹಳ ಹಿಂದೆ, 1755ರಲ್ಲಿ, ಆಸ್ಟ್ರಿಯಾದ ಮಾರಿಯಾ ತೆರೇಸಾ ರಾಣಿ ತನ್ನ ಆಸ್ಥಾನ ವೈದ್ಯ ಗೆರಾರ್ಡ್ ವಾನ್ ಸ್ವೀಟನ್‌ನ ಅಭಿಪ್ರಾಯ ಕೇಳಿದಾಗ, ಇವೆಲ್ಲ ಅಜ್ಞಾನ ಎಂದು ಅವನು ಖಂಡತುಂಡವಾಗಿ ಬರೆದುಕೊಟ್ಟಿದ್ದ. ಹೆಣ ಅಗೆಯುವುದು, ಸುಡುವುದು ಕೂಡದೆಂದು ರಾಣಿ ಆಜ್ಞೆ ಹೊರಡಿಸಿದಳು. ಸತ್ತವರ ಪರವಾಗಿ ಹೊರಟ ಆಜ್ಞೆಗಳಲ್ಲಿ ಅದಕ್ಕೊಂದು ಗೌರವದ ಸ್ಥಾನ ಸಲ್ಲಬೇಕು.

ಈ ವಿಷಯ ನಗೆಯಿಂದ ಜಾರುವ ಜಾಗವೂ ಒಂದಿದೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಎಕ್ಸಿಟರ್‌ನಲ್ಲಿ 1892ರಲ್ಲಿ ಮರ್ಸಿ ಬ್ರೌನ್ ಎಂಬ ಹತ್ತೊಂಬತ್ತರ ಹುಡುಗಿ ಕ್ಷಯದಿಂದ ತೀರಿಕೊಂಡಳು. ತಾಯಿ, ಅಕ್ಕ ಅದೇ ಕಾಯಿಲೆಗೆ ಮೊದಲೇ ಹೋಗಿದ್ದರು, ಅಣ್ಣ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಅವನನ್ನು ಹೀರುತ್ತಿದ್ದಾರೆ ಎಂದು ನೆರೆಯವರು ತಂದೆಯನ್ನು ಒಪ್ಪಿಸಿದರು. ಚಳಿಗಾಲದ ಹಿಮದಲ್ಲಿ ಎರಡು ತಿಂಗಳಿದ್ದ ಮರ್ಸಿಯ ದೇಹ ಕೆಟ್ಟಿರಲಿಲ್ಲ. ಗುಂಡಿಗೆ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಹೋದ. ಕ್ಷಯದ ರೋಗಾಣುವನ್ನು ಕಾಕ್ ಎಂಬ ವಿಜ್ಞಾನಿ ಕಂಡುಹಿಡಿದು ಆಗಲೇ ಹತ್ತು ವರ್ಷವಾಗಿತ್ತು. ಔಷಧಿ ಬರಲು ಇನ್ನೂ ಅರ್ಧ ಶತಮಾನ ಬೇಕಿತ್ತು, ಆ ತಂದೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಗೂಟ, ಬೆಂಕಿಯವರದು ಒಂದು ಪಂಥವಾದರೆ ಕಬ್ಬಿಣದವರದು ಇನ್ನೊಂದು. 2022ರಲ್ಲಿ ಪೋಲೆಂಡಿನ ಪ್ಯೆನ್ ಎಂಬ ಹಳ್ಳಿಯಲ್ಲಿ ಹದಿನೇಳನೆಯ ಶತಮಾನದ ಹೆಂಗಸೊಬ್ಬಳ ಅಸ್ಥಿಪಂಜರ ಸಿಕ್ಕಿತು. ಕುತ್ತಿಗೆಗೆ ಅಡ್ಡವಾಗಿ ಕುಡುಗೋಲು, ಎದ್ದರೆ ಕತ್ತು ತಾನಾಗಿ ಕತ್ತರಿಸಿಕೊಳ್ಳಲಿ ಎಂದು. ಅದೂ ಸಾಲದೆ ಎಡಗಾಲ ಹೆಬ್ಬೆರಳಿಗೆ ಒಂದು ಬೀಗ. ಕುಡುಗೋಲಿನ ಉದ್ದೇಶ ಅರ್ಥವಾಗುತ್ತದೆ. ಹೆಬ್ಬೆರಳಿಗೆ ಬೀಗ ಜಡಿದವನು, ಊರಿಗೆ ಹೊರಟಾಗ ಬಾಗಿಲ ಬೀಗವನ್ನು ನಾಲ್ಕು ಸಲ ಜಗ್ಗಿ ನೋಡುವ ನಮ್ಮಂಥವನೇ ಇರಬೇಕು. ನಮ್ಮ ಹಳ್ಳಿಗಳಲ್ಲೂ ಕುಡುಗೋಲು ಕಾವಲಿಗಿದೆ, ಆದರೆ ಬಾಣಂತಿಯ ಹಾಸಿಗೆಯ ಕೆಳಗೆ, ಬದುಕಿರುವವಳ ರಕ್ಷಣೆಗೆ.

ಬಾಲ್ಕನ್ ಸೀಮೆಯ ರೋಮಾ ಜನರದು ಇದೆಲ್ಲಕ್ಕಿಂತ ದೊಡ್ಡ ಎದೆ. ಮನುಷ್ಯರನ್ನು ಬಿಟ್ಟು ಕುಂಬಳಕಾಯಿಯನ್ನೇ ಶಂಕಿಸಿದರು. ಸರ್ಬಿಯಾದ ಜಾನಪದ ವಿದ್ವಾಂಸ ತತೊಮಿರ್ ವುಕನೊವಿಚ್ ದಾಖಲಿಸಿದ ಪ್ರಕಾರ, ಕುಂಬಳವನ್ನೋ ಕಲ್ಲಂಗಡಿಯನ್ನೋ ಹತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಂಡರೆ ಅದು ಪಿಶಾಚಿಯಾಗುತ್ತದೆ. ರಾತ್ರಿ ಮನೆಯಲ್ಲಿ ಉರುಳಾಡುತ್ತ ಬ್ರ್ರ್ ಬ್ರ್ರ್ ಎಂದು ಸದ್ದು ಮಾಡುತ್ತದೆ. ಹಲ್ಲಿಲ್ಲದ್ದರಿಂದ ಅದಕ್ಕೆ ಯಾರೂ ಅಷ್ಟಾಗಿ ಹೆದರುವುದಿಲ್ಲ. ಪರಿಹಾರ: ಕುದಿಯುವ ನೀರಿಗೆ ಹಾಕಿ, ನೀರು ಚೆಲ್ಲಿ, ಪೊರಕೆಯಿಂದ ಉಜ್ಜಿ ಎಸೆಯುವುದು, ಆಮೇಲೆ ಪೊರಕೆಯನ್ನೂ ಸುಡುವುದು. ದೃಷ್ಟಿಯಾಗದಿರಲೆಂದು ಬೂದುಗುಂಬಳವನ್ನು ವರ್ಷಗಟ್ಟಲೆ ಬಾಗಿಲಿಗೆ ನೇತುಹಾಕುವ ನಮ್ಮನ್ನು ಕಂಡಿದ್ದರೆ ಅವರು ಗಾಬರಿಯಾಗುತ್ತಿದ್ದರು. ಆದರೂ ಕುಂಬಳದಿಂದ ಅಪಾಯವಿದೆ ಎಂಬ ಅವರ ಮಾತನ್ನು ನಾನು ಅಲ್ಲಗಳೆಯಲಾರೆ. ಆಯುಧಪೂಜೆಯ ಸಂಜೆ ಬೆಂಗಳೂರಿನ ರಸ್ತೆಗಳಲ್ಲಿ ದ್ವಿಚಕ್ರ ವಾಹನ ಓಡಿಸಿದವರು ಯಾರೂ ಅಲ್ಲಗಳೆಯಲಾರರು.

ನನ್ನ ಮತವೇನಿದ್ದರೂ ಕೆಲಸ ಕೊಡುವವರ ಪಂಥಕ್ಕೆ. ಪೋಲೆಂಡಿನ ಉತ್ತರದ ಕಶೂಬಿಯಾ ಮತ್ತು ಆಸುಪಾಸಿನಲ್ಲಿ ಅನುಮಾನದ ಹೆಣದ ಜೊತೆ ಪೆಟ್ಟಿಗೆಯಲ್ಲಿ ಮೀನಿನ ಬಲೆ ಇಡುತ್ತಿದ್ದರು. ಸತ್ತವನು ಎದ್ದು ಬರುವ ಮುಂಚೆ ಅದರ ಗಂಟುಗಳನ್ನೆಲ್ಲ ಬಿಚ್ಚಬೇಕು, ವರ್ಷಕ್ಕೆ ಒಂದೇ ಗಂಟು. ಬಲೆ ಸಿಗದ ಕಡೆ ಗಸಗಸೆ. ಕಾಳು ಕಂಡರೆ ಎಣಿಸದೆ ಮುಂದೆ ಹೋಗುವ ಹಾಗಿಲ್ಲ, ಅದೂ ಕೆಲವು ಕಡೆ ವರ್ಷಕ್ಕೆ ಒಂದೇ ಕಾಳು. ಒಂದು ಗ್ರಾಂ ಗಸಗಸೆಯಲ್ಲಿ ಸುಮಾರು 3000 ಕಾಳಿರುತ್ತವೆ. ಶೆಟ್ಟರ ಅಂಗಡಿಯ 100 ಗ್ರಾಂ ಪೊಟ್ಟಣ ತಂದು ಹಾಕಿದರೆ ಮೂರು ಲಕ್ಷ ವರ್ಷ ನಿಶ್ಚಿಂತೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಅವಧಿಯ ವಿಮೆ ಇನ್ನೆಲ್ಲೂ ಸಿಗದು. ದೆವ್ವ ಹಿಡಿ ತುಂಬ ಬಾಚಿಕೊಂಡು 'ಆಯಿತು, ಎಣಿಸಿದೆ' ಎಂದು ಸುಳ್ಳು ಹೇಳಬಹುದಲ್ಲ ಎಂಬ ಸಂಶಯ ಆ ಜನಕ್ಕೆ ಬರಲೇ ಇಲ್ಲ. ತಮ್ಮ ಊರಿನ ಸತ್ತವರ ಮೇಲೆ ಅವರಿಗೆ ಅಷ್ಟು ವಿಶ್ವಾಸವಿತ್ತು.

ಗಸಗಸೆಯನ್ನೇ ಆರಿಸಿದ್ದು ಅದು ನಿದ್ದೆ ತರುತ್ತದೆಂದು ಎನ್ನುವವರೂ ಇದ್ದಾರೆ. ನಮಗೆ ಇದಕ್ಕೆ ಸಾಕ್ಷಿ ಬೇಕಿಲ್ಲ. ಮದುವೆಮನೆಯಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದು ಚಾಪೆ ಸೇರಿದ ಸೋದರಮಾವಂದಿರನ್ನು ಸಂಜೆಯ ಆರತಕ್ಷತೆಗೂ ಎಬ್ಬಿಸಲಾಗದ ಅನುಭವ ಎಲ್ಲ ಮನೆಗಳಲ್ಲೂ ಇದೆ. ಬದುಕಿರುವವರನ್ನೇ ಏಳಗೊಡದ ಪದಾರ್ಥ ಸತ್ತವರನ್ನು ಏಳಗೊಟ್ಟೀತೆ?

ಕೊನೆಗೆ, ದುಬೈಗೋ ಅಬುಧಾಬಿಗೋ ಹೊರಟಿರುವ ಓದುಗರಲ್ಲಿ ಒಂದು ವಿನಂತಿ. ಆ ದೇಶಕ್ಕೆ ಗಸಗಸೆ ಒಯ್ಯುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ಪೊಟ್ಟಣವೆಂದು ಹೇಳಿದರೂ ವಿಮಾನ ನಿಲ್ದಾಣದವರು ಕೇಳುವುದಿಲ್ಲ, ಅವರು ದೆವ್ವಗಳಷ್ಟು ಸುಲಭವಲ್ಲ. ಅಷ್ಟೂ ಭಯವಿದ್ದರೆ ಸಾಸಿವೆ ಇಟ್ಟುಕೊಳ್ಳಿ. ಎಣಿಸಲು ಅದೂ ಆಗುತ್ತದೆ, ಒಗ್ಗರಣೆಗೂ ಆಗುತ್ತದೆ.